ಶ್ರಾವಣದ ಸರಕು ಮಾಘದಲ್ಲೇ ಶುರು

ಗೆಜ್ಜೆವಸ್ತ್ರ (ದೇವರಿಗೆ ಏರಿಸುವ, ಹತ್ತಿಯಲ್ಲಿ ಹೊಸೆದ ಎಳೆ), ಹತ್ತಿ ಹಾರ, ಹೂಬತ್ತಿ, ವ್ರತದ ದಾರ, ಗೌರಿಯ ಮೊರ, ಪಟ್ಟದ ಗೊಂಬೆಯ ಸೀರೆ. ಮೈಸೂರಿನಲ್ಲಿ ನಾವು ಮನೆಯಲ್ಲೇ ಕೂತು ಮಾಡಿ ಮಾರುವ ಮಾಲು ಇಷ್ಟು. ಭೀಮನ ಅಮಾವಾಸ್ಯೆಗೆ ವ್ಯಾಪಾರ ಕಣ್ಣು ಬಿಟ್ಟರೆ ಉತ್ಥಾನ ದ್ವಾದಶಿಗೆ ಮುಗಿದಂತೆ. ತಿಥಿಯ ಲೆಕ್ಕದಲ್ಲಿ ಮೂರು ತಿಂಗಳು ಹನ್ನೆರಡು ದಿನ. ಉಳಿದ ಕಾಲದಲ್ಲಿ ಹೂಬತ್ತಿಯ ಕಟ್ಟು ಅಷ್ಟಿಷ್ಟು ಹೋದರೆ ಅದೇ ದೊಡ್ಡದು. ಕೈಕೆಲಸವಾದ್ದರಿಂದ ಕೇಳಿದಾಗ ಮಾಡಿಕೊಡುತ್ತೇವೆ ಅನ್ನುವ ಹಾಗೂ ಇಲ್ಲ. ಹಬ್ಬದ ಹಿಂದಿನ ಸಂಜೆ ಎಷ್ಟು ಜನ ಬಂದರೂ ಬೆರಳು ಹತ್ತೇ.

ಹೊಸದಾಗಿ ಶುರು ಮಾಡಿದವರು ಎಡವುವುದು ಮೊದಲು ಲೆಕ್ಕದ ಪುಸ್ತಕದಲ್ಲಿ. ‘ಹೋದ ವರ್ಷ ಆಗಸ್ಟ್‌ನಲ್ಲಿ ಇಷ್ಟು ಹೋಯಿತು, ಈ ವರ್ಷವೂ ಆಗಸ್ಟ್‌ಗೆ ಅಷ್ಟೇ ಇಟ್ಟುಕೊಳ್ಳೋಣ’ ಎಂದು ಇಂಗ್ಲಿಷ್ ತಿಂಗಳ ಲೆಕ್ಕ ಹಿಡಿಯುತ್ತಾರೆ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮತ್ತೆ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಸಾಮಾನ್ಯ ವರ್ಷ ಹತ್ತು ಹನ್ನೊಂದು ದಿನ ಮುಂಚೆ, ಅಧಿಕ ಮಾಸ ಬಂದ ವರ್ಷ ಹದಿನೆಂಟು ಹತ್ತೊಂಬತ್ತು ದಿನ ತಡ. ಆದ್ದರಿಂದ ನಮ್ಮ ಪುಸ್ತಕದಲ್ಲಿ ತಾರೀಖಿನ ಜಾಗದಲ್ಲಿ ತಿಥಿ ಇರುತ್ತದೆ, ಅದರ ಪಕ್ಕದಲ್ಲಿ ‘ಹಬ್ಬಕ್ಕೆ ಇನ್ನೆಷ್ಟು ದಿನ’ ಎಂಬ ಅಂಕಿ. ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ಕೂಡಲೇ ಆ ವರ್ಷದ ತಾರೀಖುಗಳನ್ನು ಅದಕ್ಕೆ ಹೊಂದಿಸಿಕೊಂಡರೆ ಆಯಿತು.

ಹೀಗೆ ಬರೆದಿಟ್ಟರೆ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಗೌರಿ ಹಬ್ಬದಿಂದ ನವರಾತ್ರಿಯ ಪಾಡ್ಯಕ್ಕೆ 2023, 2024, 2025 ಮೂರು ವರ್ಷವೂ 27 ದಿನ. ಪಾಡ್ಯದಿಂದ ನರಕ ಚತುರ್ದಶಿಗೆ ಮೂರು ವರ್ಷವೂ 28 ದಿನ. ಇವೆರಡನ್ನು ನಂಬಿ ಕೆಲಸ ಹಂಚಬಹುದು. ವರಮಹಾಲಕ್ಷ್ಮಿಯಿಂದ ಗೌರಿಗೆ ಮಾತ್ರ ಹಾಗಲ್ಲ. 2023ರಲ್ಲಿ ನಡುವೆ 24 ದಿನ ಸಿಕ್ಕಿತು, 2024ರಲ್ಲಿ 21, 2025ರಲ್ಲಿ 18. ಹುಣ್ಣಿಮೆಗೆ ಮುಂಚಿನ ಶುಕ್ರವಾರ ವ್ರತವಾದ್ದರಿಂದ, ಹುಣ್ಣಿಮೆ ಶನಿವಾರ ಬಿದ್ದರೆ ಶುಕ್ರವಾರ ಅದರ ಹಿಂದಿನ ದಿನವೇ. ಗುರುವಾರ ಬಿದ್ದರೆ ಆರು ದಿನ ಹಿಂದೆ. ಆರು ದಿನವೆಂದರೆ ಇಬ್ಬರು ಕೂತರೆ ಸುಮಾರು ಐನೂರು ಎಳೆ ಗೆಜ್ಜೆವಸ್ತ್ರ. ನಡುವೆ ಸಿಗುವುದು ಹದಿನೆಂಟೇ ದಿನವಾದ ವರ್ಷ, ಗೌರಿಗೆ ಬೇಕಾದದ್ದೂ ವರಮಹಾಲಕ್ಷ್ಮಿಗೆ ಮುಂಚೆಯೇ ಡಬ್ಬದಲ್ಲಿರಬೇಕು. ಶ್ರಾವಣದಲ್ಲಿ ಮಂಗಳವಾರ ನಾಲ್ಕೋ ಐದೋ ಅನ್ನುವುದನ್ನೂ ಆಗಲೇ ನೋಡಿಟ್ಟುಕೊಳ್ಳಿ. ಮಂಗಳಗೌರಿ ಮಾಡುವ ಹೊಸ ಮದುಮಕ್ಕಳಿಗೆ ಪ್ರತಿ ವಾರವೂ ಹೊಸದು ಬೇಕು.

ಈಗ ಹತ್ತಿ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ, ಬೀಜ ಬಿಡಿಸಿದ ಅರಳೆ ಮತ್ತು ಮೆಡಿಕಲ್ ಸ್ಟೋರಿನ ರೋಲ್. ರೋಲ್ ಬೆಳ್ಳಗಿರುತ್ತದೆ, ಕಸ ಇರುವುದಿಲ್ಲ, ಪದರ ಪದರವಾಗಿ ಬಿಡುತ್ತದೆ. ಹಾರದ ದಳಕ್ಕೆ, ಹೂಬತ್ತಿಗೆ ಅದು ಸರಿ. ಗೆಜ್ಜೆವಸ್ತ್ರಕ್ಕೆ ಅದರ ಎಳೆ ಗಿಡ್ಡ. ತೆಳ್ಳಗೆ ಎಳೆದರೆ ನಡುವೆ ಕಿತ್ತು ಬರುತ್ತದೆ, ಒದ್ದೆ ಬೆರಳು ತಾಗಿದರೆ ನೀರು ಹೀರಿ ಗಂಟು ಕಟ್ಟುತ್ತದೆ. ಅರಳೆಯಲ್ಲಿ ಸ್ವಾಭಾವಿಕ ಜಿಡ್ಡು ಉಳಿದಿರುವುದರಿಂದ ನೀರು ಬೇಗ ಒಳಗೆ ಇಳಿಯುವುದಿಲ್ಲ, ಹೊಸೆದ ಹುರಿ ನಿಲ್ಲುತ್ತದೆ. ಬೀಜದ ಚೂರು, ಎಲೆಯ ಪುಡಿ ಹೆಕ್ಕುವ ಕೆಲಸ ಮಾತ್ರ ಹೆಚ್ಚು. ರೋಲ್ ಕೊಂಡರೆ ಒಳಗಿನ ನೀಲಿ ಕಾಗದ ತೆಗೆದು ತೂಗಿ ನೋಡಿ. ಲೆಕ್ಕಕ್ಕೆ ಹತ್ತಿಯ ತೂಕ ಮಾತ್ರ ಹಿಡಿಯಬೇಕು.

ಎಳೆ ಮಾಡುವ ಕ್ರಮ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಅರಳೆಯನ್ನು ಬಿಡಿಸಿ ಬೆರಳಗಲದ ಪಟ್ಟಿಯಾಗಿ ಎಳೆದುಕೊಂಡು, ಅಂಗುಲಕ್ಕೊಂದು ಕಡೆ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಒಂದು ಸುತ್ತು ಹೊಸೆಯುವುದು. ಎರಡು ಹೊಸೆತದ ನಡುವೆ ಉಬ್ಬಿ ನಿಲ್ಲುವುದೇ ಗೆಜ್ಜೆ. ಸುತ್ತು ಯಾವಾಗಲೂ ಒಂದೇ ದಿಕ್ಕಿಗಿರಬೇಕು. ಒಂದನ್ನು ಹಿಂದಕ್ಕೆ ಹೊಸೆದರೆ ಪಕ್ಕದ್ದು ಬಿಚ್ಚಿಕೊಳ್ಳುತ್ತದೆ, ಇಬ್ಬರು ಕೂತು ಒಂದೇ ಎಳೆಯನ್ನು ಎರಡೂ ತುದಿಯಿಂದ ಮಾಡಿದರೆ ಆಗುವುದು ಇದೇ. ಮನೆಯ ಪೂಜೆಗೆ ಹಾಲಿನಲ್ಲಿ ಬೆರಳು ಅದ್ದಿ ಮಾಡುತ್ತಾರಲ್ಲ, ಮಾರಾಟದ ಮಾಲಿಗೆ ಅದು ಕೂಡದು. ಎರಡು ತಿಂಗಳು ಡಬ್ಬದಲ್ಲಿದ್ದರೆ ಹಾಲು ಹುಳಿಯುತ್ತದೆ, ಇರುವೆ ಬರುತ್ತದೆ, ಹೊಸೆದ ಕಡೆಯೆಲ್ಲ ಕಂದು ಚುಕ್ಕೆ ಏಳುತ್ತದೆ. ಅರಿಶಿನಕ್ಕೆ ಸುಣ್ಣ ಹಾಕಿ ಮಾಡಿದ ಒಳ್ಳೆಯ ಕುಂಕುಮ ಇಟ್ಟಿದ್ದರಂತೂ ಹುಳಿ ತಾಗಿ ಕೆಂಪು ಹೋಗಿ ಹಳದಿಗೆ ತಿರುಗುತ್ತದೆ. ನಾವು ವಿಭೂತಿ ಪುಡಿ ಬಳಸುತ್ತೇವೆ. ಕೈ ಒಣಗಿದ್ದೂ ಹಿಡಿತ ಸಿಗುತ್ತದೆ, ಮಡಿಯವರೂ ಬೇಡ ಅನ್ನುವುದಿಲ್ಲ. ವಿಭೂತಿ ಸಿಗದಿದ್ದರೆ ಬರಿ ನೀರು, ಅದೂ ಬೆರಳ ತುದಿಗೆ ಮಾತ್ರ.

21 ಗೆಜ್ಜೆಯ ಒಂದು ಎಳೆ ನಮ್ಮ ಕೈಯಲ್ಲಿ ಸುಮಾರು 2 ಗ್ರಾಂ ತೂಗುತ್ತದೆ. ನಿಮ್ಮ ಕೈ ಬೇರೆ ಇರಬಹುದು. ಹತ್ತು ಎಳೆ ಒಟ್ಟಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಹತ್ತರಿಂದ ಭಾಗಿಸಿ. ಅರಳೆಯಲ್ಲಿ ಕಸ, ಕಡ್ಡಿ, ಚೂರು ಸೇರಿ ನೂರಕ್ಕೆ ಹದಿನೈದು ಪಾಲು ಹೋಗುತ್ತದೆ. ಹಾಗಾಗಿ ಒಂದು ಕಿಲೋಗೆ 400 ಎಳೆ ಎಂದು ಹಿಡಿಯುವುದು ಕ್ಷೇಮ. ಪಳಗಿದ ಕೈ ಗಂಟೆಗೆ 12ರಿಂದ 15 ಎಳೆ ಮಾಡುತ್ತದೆ, ಅಂದರೆ ಒಂದು ಕಿಲೋ ಅರಳೆಗೆ 30 ಗಂಟೆ. 2,000 ಎಳೆ ಬೇಕಾದರೆ 5 ಕಿಲೋ, 150 ಗಂಟೆ. ಮನೆಗೆಲಸ ಮುಗಿಸಿ ಇಬ್ಬರು ತಲಾ ಮೂರು ಗಂಟೆ ಕೂತರೆ 25 ದಿನ, ಅದೂ ನಡುವೆ ಜ್ವರ, ನೆಂಟರು, ಪರೀಕ್ಷೆ ಯಾವುದೂ ಬರದಿದ್ದರೆ. ಇದು ಬರಿಯ ಎಳೆ. ಕಟ್ಟುವುದು, ಬಣ್ಣ, ಹಾರ, ಬತ್ತಿ ಇನ್ನೂ ಹೊರಗಿದೆ. ಶ್ರಾವಣದ ಸರಕು ಮಾಘದಲ್ಲೇ ಶುರುವಾಗಬೇಕು ಅನ್ನುವುದು ಈ ಗುಣಾಕಾರದಿಂದ. ಹತ್ತಿಯ ದುಡ್ಡು ದೊಡ್ಡದಲ್ಲ, ಐದು ಕಿಲೋ ಒಮ್ಮೆಲೇ ತಂದಿಡಬಹುದು. ದೊಡ್ಡದು ಗಂಟೆ.

ಎಳೆಯ ಸಂಖ್ಯೆಯಲ್ಲಿ ಒಂದು ತೊಡಕು ಇದೆ. ಗೌರಿಗೆ ಹದಿನಾರು, ಗಣೇಶನಿಗೆ ಇಪ್ಪತ್ತೊಂದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೆಲವು ಮನೆಯಲ್ಲಿ ಎಣಿಸುವುದು ಎಳೆ, ಕೆಲವು ಮನೆಯಲ್ಲಿ ಗೆಜ್ಜೆ. ‘ಹದಿನಾರರದ್ದು ಎರಡು ಜೊತೆ ಕೊಡಿ ಅಕ್ಕ’ ಅಂದವರಿಗೆ ಬೇಕಿರುವುದು 16 ಗೆಜ್ಜೆಯ ಎಳೆಯೋ, 16 ಎಳೆಯ ಕಟ್ಟೋ? ಒಂದರ ಕೆಲಸ ಐದು ನಿಮಿಷ, ಇನ್ನೊಂದರದ್ದು ಗಂಟೆಗೂ ಮೇಲೆ. ಬೆಲೆಯೂ ಹಾಗೇ ಬೇರೆ. ಆರ್ಡರ್ ಬರೆಯುವಾಗಲೇ ಕೇಳಿ ಬರೆದುಕೊಳ್ಳಿ, ಆಮೇಲೆ ವಾದ ಬೇಡ. ದಾರದಲ್ಲಿ ಈ ತಕರಾರು ಕಡಿಮೆ. ವರಮಹಾಲಕ್ಷ್ಮಿಗೆ ಒಂಬತ್ತು ಗಂಟು, ಸ್ವರ್ಣಗೌರಿಗೆ ಹದಿನಾರು, ಅನಂತನಿಗೆ ಹದಿನಾಲ್ಕು. ಗಂಟು ಹಾಕಿ ಆಮೇಲೆ ಅರಿಶಿನ ಹಚ್ಚಿದರೆ ಗಂಟಿನ ಒಳಗೆ ಬಿಳಿ ಉಳಿಯುತ್ತದೆ. ಮೊದಲು ದಾರ ಅದ್ದಿ, ನೆರಳಲ್ಲಿ ಒಣಗಿಸಿ, ಆಮೇಲೆ ಗಂಟು. ಬಿಸಿಲಿಗೆ ಇಟ್ಟರೆ ಅರಿಶಿನ ಮಾಸುತ್ತದೆ. ಅಂಗಡಿಯ ಮುಂದೆ ನೇತುಹಾಕಿದ ದಾರ ವಾರದಲ್ಲಿ ಬಿಳಿಚಿಕೊಳ್ಳುವುದೂ ಅದಕ್ಕೇ.

ನಮ್ಮ ಇಡೀ ಯೋಜನೆ ನಿಂತಿರುವುದು ಒಂದು ನಿಯಮದ ಮೇಲೆ: ಆಷಾಢ ಮುಗಿಯುವವರೆಗೆ ಎಲ್ಲವೂ ಬಿಳಿ. ಬಿಳಿ ಎಳೆ ವರಮಹಾಲಕ್ಷ್ಮಿಗೂ ಸೈ, ಗಣೇಶನಿಗೂ ಸೈ, ದೀಪಾವಳಿಗೂ ಸೈ, ಉಳಿದರೆ ಬರುವ ವರ್ಷಕ್ಕೂ ಸೈ. ಕುಂಕುಮ ಇಟ್ಟು, ಮುತ್ತು ಪೋಣಿಸಿ, ಜರಿ ಲೇಸ್ ಸುತ್ತಿದ ಮೇಲೆ ಅದಕ್ಕೊಂದು ಹಬ್ಬದ ಹೆಸರು ಬಂತು, ಆ ಹಬ್ಬ ದಾಟಿದರೆ ಅರ್ಧ ಬೆಲೆಗೂ ಯಾರೂ ಕೇಳುವುದಿಲ್ಲ. ಹಬ್ಬಕ್ಕೆ ಹತ್ತು ದಿನ ಇರುವಾಗ ಮಾತ್ರ ಅಲಂಕಾರಕ್ಕೆ ಕೈ ಹಾಕುತ್ತೇವೆ, ಅದೂ ಅಂದಾಜಿನ ಮೂರರಲ್ಲಿ ಎರಡು ಪಾಲಿಗೆ. ಉಳಿದ ಒಂದು ಪಾಲಿನ ಬಣ್ಣ ಯಾವುದು ಅನ್ನುವುದನ್ನು ಮೊದಲ ನಾಲ್ಕು ದಿನದ ಮಾರಾಟ ಹೇಳುತ್ತದೆ. ಅಗ್ರಹಾರದ ಸುತ್ತ ಬಿಳಿಯದೇ ಬೇಕು, ಎಣಿಕೆ ಸರಿ ಇರಬೇಕು, ಮಿಂಚು ಕಂಡರೆ ಮುಖ ತಿರುಗಿಸುತ್ತಾರೆ. ಕುವೆಂಪುನಗರದ ಕಡೆ ಕಲ್ಲು, ಮುತ್ತು, ಸೀರೆಗೆ ಹೊಂದುವ ಬಣ್ಣ.

ಮುತ್ತು, ಕುಂದನ್ ಕಲ್ಲುಗಳನ್ನು ಗ್ಲೂ ಗನ್‌ನಲ್ಲಿ ಅಂಟಿಸುವುದು ಬೇಗ ಆಗುವ ಕೆಲಸ, ಅಷ್ಟೇ ಬೇಗ ಕೀಳುವ ಕೆಲಸ. ಅಂಟು ಹತ್ತಿಯ ಮೇಲ್ಪದರದ ನಾಲ್ಕು ಎಳೆಯನ್ನಷ್ಟೇ ಹಿಡಿದಿರುತ್ತದೆ. ಕವರಿನಿಂದ ಎಳೆದಾಗ ಕಲ್ಲು ಹತ್ತಿಯ ಸಮೇತ ಬರುತ್ತದೆ. ಹಾರದ ಹಿಂಬದಿಗೆ ಅರ್ಧ ಅಂಗುಲದ ಬಟ್ಟೆಯ ಪಟ್ಟಿ ಕೊಟ್ಟು ಸೂಜಿಯಲ್ಲಿ ಒಂದು ಹೊಲಿಗೆ ಹಾಕಿದರೆ ಗಟ್ಟಿ. ನಮ್ಮ ಲೆಕ್ಕದಲ್ಲಿ ಹಾರಕ್ಕೆ ಎಂಟು ನಿಮಿಷ ಹೆಚ್ಚು ಹಿಡಿಯುತ್ತದೆ, ಅಂಗಡಿಯಿಂದ ವಾಪಸ್ಸು ಬರುವುದು ತಪ್ಪುತ್ತದೆ.

ಮೈಸೂರಿನ ತೇವ ವಿಚಿತ್ರ. ಜೋರು ಮಳೆ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಜೂನ್ ಜುಲೈನಲ್ಲಿ ಮೋಡ, ಗಾಳಿ, ತುಂತುರು; ಮಳೆ ಕಡಿಮೆಯೇ, ಆದರೆ ಏನೂ ಒಣಗುವುದಿಲ್ಲ. ನೀರು ತಾಗುವ ಕೆಲಸವನ್ನೆಲ್ಲ, ಅಂದರೆ ದಾರ ಅದ್ದುವುದು, ಮೊರಕ್ಕೆ ಅರಿಶಿನ ಬಳಿಯುವುದು, ಮಣ್ಣಿನ ದೀಪಕ್ಕೆ ಬಣ್ಣ ಕೊಡುವುದು, ಮೇ ಮಳೆಗೆ ಮುಂಚಿನ ಒಣ ದಿನಗಳಲ್ಲಿ ಮುಗಿಸಿಕೊಳ್ಳುತ್ತೇವೆ. ಬಿಳಿ ನಿಯಮಕ್ಕೆ ಇವೊಂದೇ ಹೊರತು. ಕವರಿಗೆ ತುಂಬುವುದು ಒಣ ದಿನದ ಮಧ್ಯಾಹ್ನ ಮಾತ್ರ. ತೇವದ ದಿನ ಪ್ಲಾಸ್ಟಿಕ್ ಕವರ್ ಮುಚ್ಚಿದರೆ ಆ ತೇವವನ್ನೇ ಒಳಗೆ ಕಟ್ಟಿಹಾಕಿದಂತೆ. ಜರಿ ಲೇಸ್ ಕಪ್ಪಾಗುವುದು, ಬಣ್ಣ ಹಾಕಿದ ಅಂಗಡಿ ಕುಂಕುಮ ಹತ್ತಿಗೆ ಹರಡುವುದು ಎರಡಕ್ಕೂ ಕಾರಣ ಅದು. ನ್ಯೂಸ್‌ಪೇಪರ್ ಸುತ್ತಬೇಡಿ, ಶಾಯಿ ಹತ್ತುತ್ತದೆ. ಬಟರ್ ಪೇಪರ್ ಸಾಕು. ನುಸಿಗುಳಿಗೆ ಹಾಕಿದ ಗೆಜ್ಜೆವಸ್ತ್ರವನ್ನು ದೇವರ ಮುಂದೆ ಯಾರೂ ಇಡುವುದಿಲ್ಲ. ಬೇವಿನ ಎಲೆ ಹಾಕಿ, ಮುರಿದರೆ ಚಟಕ್ಕನೆ ಮುರಿಯುವಷ್ಟು ಒಣಗಿರಲಿ, ಇಲ್ಲವಾದರೆ ಎಲೆಯ ಕಲೆ ಹತ್ತಿಗೆ ಇಳಿಯುತ್ತದೆ. ಡಬ್ಬ ತವರದ್ದಾಗಿರಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಇಟ್ಟರೆ ಇಲಿ ಬಾಣಂತನಕ್ಕೆ ಬಂದು ಕೂರುತ್ತದೆ.

ಮೊರದ ಸಂಗತಿ ಬೇರೆ, ಅದು ನಮ್ಮ ಕೈಯ ಮಾಲಲ್ಲ. ಮೇದರ ಬ್ಲಾಕಿನಲ್ಲಿ ಹೆಣೆದದ್ದನ್ನು ತಂದು ಬಣ್ಣ, ಲೇಸ್, ರವಿಕೆ ಕಣದ ಅಂಚು ಕೊಟ್ಟು ಮಾರುತ್ತೇವೆ. ಗೌರಿಗೆ ಒಂದು ತಿಂಗಳಿರುವಾಗ ಹೋದರೆ ಊರಿಗೆ ಊರೇ ಅಲ್ಲಿರುತ್ತದೆ, ಬೆಲೆಯೂ ಅವರದ್ದೇ. ಯುಗಾದಿ ಕಳೆದ ಮೇಲೆ ಅಡ್ವಾನ್ಸ್ ಕೊಟ್ಟು ಬಂದರೆ ಒಂದೇ ಅಳತೆಯ ಜೊತೆ ಸಿಗುತ್ತದೆ. ಜೊತೆ ಮುಖ್ಯ: ಬಾಗಿನದಲ್ಲಿ ಒಂದು ಮೊರದ ಮೇಲೆ ಇನ್ನೊಂದು ಮುಚ್ಚಬೇಕು, ಅರ್ಧ ಅಂಗುಲ ಹೆಚ್ಚುಕಡಿಮೆಯಾದರೂ ಕೂರುವುದಿಲ್ಲ. ತಂದಾಗ ಪ್ರತಿ ಜೊತೆ ಮುಚ್ಚಿ ನೋಡಿ, ಸುತಳಿಯಲ್ಲಿ ಕಟ್ಟಿ ಇಡಿ. ಸಂಖ್ಯೆಯ ಅಂದಾಜು ಮನೆಯ ಪದ್ಧತಿಯ ಮೇಲೆ. ಎರಡು ಬಾಗಿನ ಕೊಡುವವರಿದ್ದಾರೆ, ಐದು ಕೊಡುವವರಿದ್ದಾರೆ, ಮೊದಲ ಗೌರಿಯ ಮದುಮಗಳಿಗೆ ಹದಿನಾರು ಅನ್ನುವ ಮನೆಗಳಿವೆ. ಹದಿನಾರು ಬಾಗಿನಕ್ಕೆ 32 ಮೊರ. ಅಂಥ ಎರಡು ಮನೆ ಹಬ್ಬದ ಹಿಂದಿನ ದಿನ ಬಂದರೆ ನಿಮ್ಮ ಅಂಗಳ ಖಾಲಿ. ಪರಿಚಯದ ಮನೆಗಳಲ್ಲಿ ಆ ವರ್ಷ ಮದುವೆ ಆಗಿದೆಯೇ ಎಂದು ವಿಚಾರಿಸಿಟ್ಟುಕೊಳ್ಳುವುದು ಬರಿ ಹರಟೆಯಲ್ಲ.

ಹಸಿ ಬಿದಿರಿನ ಮೊರಕ್ಕೆ ಅರಿಶಿನ ಬಳಿದರೆ ವಾರದಲ್ಲಿ ಬೂಷ್ಟು. ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಮೊರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಚೀಲದ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಬಿಸಿಲು ಬೇಕು. ಕಟ್ಟಿಟ್ಟ ಮೊರದ ಕೆಳಗೆ ಸಣ್ಣ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ. ಬಿದಿರಿನಲ್ಲಿ ಪಿಷ್ಟ ಇರುತ್ತದೆ, ಹುಳು ಅದನ್ನು ಹುಡುಕಿಕೊಂಡು ಬರುತ್ತದೆ. ಅಂಥದ್ದನ್ನು ಆಗಲೇ ಬೇರೆ ಮಾಡದಿದ್ದರೆ ಪಕ್ಕದ ಕಟ್ಟಿಗೂ ಹಬ್ಬುತ್ತದೆ.

ಅನಂತನ ಚತುರ್ದಶಿ ಮುಗಿದರೆ ಪಿತೃಪಕ್ಷ, ಹದಿನೈದು ದಿನ ಮಂಗಳದ ಮಾಲು ಯಾರೂ ಮುಟ್ಟುವುದಿಲ್ಲ. ಗೊಂಬೆ ಬಟ್ಟೆಯ ಹೊಲಿಗೆಗೆ ನಾವು ಇಟ್ಟುಕೊಂಡಿರುವ ಕಾಲ ಇದೇ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗೆ, ಅಂದರೆ ರಾಜ ರಾಣಿಯ ಜೋಡಿಗೆ, ಹೊಸ ಬಟ್ಟೆ ಉಡಿಸುತ್ತಾರೆ. 9 ಮತ್ತು 12 ಅಂಗುಲದ್ದನ್ನು ಮಾತ್ರ ರೆಡಿ ಇಡುತ್ತೇವೆ, ಉಳಿದ ಅಳತೆ ಆರ್ಡರ್ ಮೇಲೆ, ಆರ್ಡರ್ ಅನಂತನ ದಿನದವರೆಗೆ. 9 ಅಂಗುಲದ ರಾಣಿಗೆ 7 ಅಂಗುಲ ಅಗಲ, 36 ಅಂಗುಲ ಉದ್ದದ ಪಟ್ಟಿ ಕತ್ತರಿಸಿಕೊಳ್ಳಬೇಕು; ಎರಡೂ ಅಂಚು ಕಾಲಂಗುಲ ಮಡಿಸಿದರೆ ಆರೂವರೆ ಉಳಿಯುತ್ತದೆ. 36 ಅಂಗುಲ ಪನ್ನದ (ಅಗಲದ) ಒಂದು ಮೀಟರ್ ಬಟ್ಟೆಯಲ್ಲಿ ಐದು ಸೀರೆ, ಮಿಕ್ಕ ನಾಲ್ಕು ಅಂಗುಲದಲ್ಲಿ ರವಿಕೆ ಮತ್ತು ರಾಜನ ಪೇಟ. ಅಂಚಿನ ಲೇಸ್ ಒಂದು ಸೀರೆಗೆ ಸೆರಗು ಸೇರಿ 43 ಅಂಗುಲ ಬೇಕು, 9 ಮೀಟರ್ ರೋಲಿನಲ್ಲಿ ಎಂಟು ಸೀರೆ. ಲೇಸ್ ಅರ್ಧ ಅಂಗುಲ ಮೀರಬಾರದು. ಅಗಲದ್ದು ನೋಡಲು ಶ್ರೀಮಂತ, ಉಡಿಸಿದರೆ ನೆರಿಗೆ ಕೆಳಗೆ ಬೀಳದೆ ಛತ್ರಿಯಂತೆ ಬಿಚ್ಚಿ ನಿಲ್ಲುತ್ತದೆ. ಟಿಶ್ಯೂ ಬಟ್ಟೆಯೂ ಬೇಡ, ಕತ್ತರಿಸಿದ ಕಡೆಯಿಂದ ನೂಲು ಬಿಡುತ್ತಲೇ ಇರುತ್ತದೆ.

ಎಷ್ಟು ಮಾಡಬೇಕು ಅನ್ನುವ ಪ್ರಶ್ನೆಗೆ ಪುಸ್ತಕದ ಒಂದು ಕಲಂ ಉತ್ತರ ಕೊಡುತ್ತದೆ, ‘ಕೇಳಿದರು, ಇರಲಿಲ್ಲ’. ಮಾರಿದ್ದನ್ನು ಎಲ್ಲರೂ ಬರೆಯುತ್ತಾರೆ, ಕೊಡಲಾಗದ್ದನ್ನು ಯಾರೂ ಬರೆಯುವುದಿಲ್ಲ. ನೂರು ಹಾರ ಮಾಡಿ, ಶುಕ್ರವಾರದ ವ್ರತಕ್ಕೆ ಬುಧವಾರ ಮಧ್ಯಾಹ್ನವೇ ಖಾಲಿ ಆಯಿತು ಅಂದರೆ ಬೇಡಿಕೆ ನೂರು ಅಲ್ಲ. ಬಿಡಿ ಗಿರಾಕಿ ಹೆಚ್ಚಾಗಿ ಬರುವುದೇ ಬುಧವಾರ ಸಂಜೆಯಿಂದ ಗುರುವಾರ ರಾತ್ರಿಯವರೆಗೆ. ಹಾಗೆಂದು ಬರುವ ವರ್ಷ ಇನ್ನೂರು ಮಾಡಿ ಕೂರುವುದೂ ಅಲ್ಲ. ಖಾಲಿಯಾದ ಮೇಲೆ ಕೇಳಿ ಬಂದವರು 50 ಜನವಾದರೆ ಅದರಲ್ಲಿ ಅರ್ಧ ಹಿಡಿಯಿರಿ. ಇಲ್ಲ ಅಂದರೆ ಪಕ್ಕದ ಅಂಗಡಿಗೂ ಹೋಗಿ ಕೇಳುವವರು, ಎರಡು ಸಲ ಎಣಿಕೆಗೆ ಬಂದವರು ಅದರಲ್ಲಿರುತ್ತಾರೆ. ನೂರ ಇಪ್ಪತ್ತೈದು ಸಾಕು, ಮೇಲೆ ಬಿಳಿ ಎಳೆ ಕೈಯಲ್ಲಿರಲಿ.

ಪೂಜಾ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗೆ ಕೊಡುವ ಮಾಲಿನ ಗಡಿಯಾರ ಇನ್ನೂ ಹದಿನೈದು ದಿನ ಮುಂದೆ ಓಡುತ್ತದೆ. ದೇವರಾಜ ಮಾರ್ಕೆಟ್, ಸಂತೆಪೇಟೆ, ಶಿವರಾಂಪೇಟೆ ಎಲ್ಲೇ ಆದರೂ ಅವರು ಹಬ್ಬಕ್ಕೆ ಎರಡು ವಾರ ಮುಂಚೆ ತುಂಬಿಕೊಳ್ಳುತ್ತಾರೆ, ಮಂಡ್ಯದ ಪೇಟೆ ಬೀದಿಯವರು ಇನ್ನೂ ಸ್ವಲ್ಪ ಮುಂಚೆ. ‘ಮಾರಿದ ಮೇಲೆ ದುಡ್ಡು’ ಎಂಬ ಕರಾರಿಗೆ ಒಪ್ಪಿದರೆ ಮಾಲನ್ನು ಎರಡು ಕಂತು ಮಾಡಿ, ಮೊದಲನೆಯದರ ಲೆಕ್ಕ ಚುಕ್ತಾ ಆದ ಮೇಲೆ ಎರಡನೆಯದು. ವಾಪಸ್ಸು ಬರುವ ಮಾಲು ಬಿಡಿಸದ ಕವರಿನಲ್ಲೇ ಬರಬೇಕು ಎಂದು ಚೀಟಿಯಲ್ಲಿ ಬರೆಸಿ. ಅಂಗಡಿ ಮುಂದೆ ಬಿಚ್ಚಿ ತೂಗುಹಾಕಿ, ಧೂಳು ಕುಡಿದು ಬೂದಿ ಬಣ್ಣಕ್ಕೆ ಬಂದ ಹಾರವನ್ನು ವಾಪಸ್ಸು ತಗೊಂಡು ಮಾಡುವುದೇನು? ವಿದೇಶದಲ್ಲಿ ಮಕ್ಕಳಿರುವ ಮನೆಗಳ ಪಾರ್ಸೆಲ್‌ಗೆ ಐದು ವಾರ ಹಿಡಿಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಮೊರವನ್ನಾಗಲಿ ಬೀಜದ ಚೂರು ಉಳಿದ ಅರಳೆಯನ್ನಾಗಲಿ ಕಳಿಸಬೇಡಿ, ಗಿಡಮರದಿಂದ ಬಂದ ವಸ್ತುಗಳ ತಪಾಸಣೆ ಅಲ್ಲಿ ಬಿಗಿ. ರೋಲ್ ಹತ್ತಿಯಲ್ಲಿ ಮಾಡಿದ ಹಾರ ವಾಸಿ.

ಅಧಿಕ ಮಾಸ ಬಂದ ವರ್ಷ ಹಬ್ಬ ತಡವಾಯಿತೆಂದು ಸುಮ್ಮನೆ ಕೂರುವಂತಿಲ್ಲ. ಆ ತಿಂಗಳು 33ರ ದಾನ ನಡೆಯುತ್ತದೆ, ಅಪೂಪದ (ಕರಿದ ಸಿಹಿ ಭಕ್ಷ್ಯ) ಜೊತೆ ದೀಪ ಕೊಡುವವರಿಗೆ 33 ಹೂಬತ್ತಿಯ ಕಟ್ಟು ಬೇಕು. ಸಾಮಾನ್ಯ ವರ್ಷದಲ್ಲಿ ಈ ಕಟ್ಟನ್ನು ಕೇಳುವವರಿಲ್ಲ, ಆದ್ದರಿಂದ ಹೂಬತ್ತಿಯನ್ನು ಬಿಡಿಯಾಗಿಯೇ ಇಟ್ಟುಕೊಂಡು ಕಟ್ಟುವುದನ್ನು ಆಮೇಲೆ ಮಾಡಿ.

ಕೊನೆಗೆ ಕಾರ್ತಿಕ. ಆಗ ಹಾರಕ್ಕೆ ಕೆಲಸವಿಲ್ಲ, ಬತ್ತಿಗೆ ಮಾತ್ರ. 365 ಎಳೆಯ ಬತ್ತಿ ಎಣಿಸುವಾಗ ನೂರೈವತ್ತರ ಸುಮಾರಿಗೆ ಎಲ್ಲರಿಗೂ ಲೆಕ್ಕ ತಪ್ಪುತ್ತದೆ. ಐದು ನೂಲನ್ನು ಒಟ್ಟಿಗೆ ಹಿಡಿದು, ಬತ್ತಿಯ ಉದ್ದಕ್ಕೆ ತಕ್ಕ ರಟ್ಟಿನ ಸುತ್ತ 73 ಸುತ್ತು ಸುತ್ತಿ ಒಂದು ಬದಿ ಕತ್ತರಿಸಿದರೆ 365 ಎಳೆ ಸಿಗುತ್ತದೆ. ಎಳೆಯ ಉದ್ದ ರಟ್ಟಿನ ಅಗಲದ ಎರಡರಷ್ಟು, ಅದನ್ನು ನಡುವೆ ಮಡಿಸದೆ ಹಾಗೇ ಕಟ್ಟಿ. ಮಡಿಸಿದರೆ ತುದಿಯಲ್ಲಿ ಎಣಿಸುವವರಿಗೆ 730 ಸಿಕ್ಕಿ ‘ಇದೇನು ಎರಡು ವರ್ಷದ್ದೇ?’ ಅನ್ನುತ್ತಾರೆ. ತುಪ್ಪದಲ್ಲಿ ಅದ್ದಿಟ್ಟ ಬತ್ತಿಯನ್ನು ಈ ತಿಂಗಳ ಚಳಿಯಲ್ಲಿ ಮಾತ್ರ ಮಾಡುತ್ತೇವೆ. ಭಾದ್ರಪದದಲ್ಲಿ ಮಾಡಿದರೆ ದೀಪಾವಳಿಯ ಹೊತ್ತಿಗೆ ಕಮಟು ವಾಸನೆ ಬರುತ್ತದೆ, ಬಿಸಿಲಿನ ದಿನ ಕರಗಿ ಕವರಿನ ತಳಕ್ಕೆ ಇಳಿಯುತ್ತದೆ.

ದ್ವಾದಶಿಯ ಮರುದಿನ ಉಳಿದದ್ದನ್ನು ಎಣಿಸಿ ಬರೆಯುತ್ತೇವೆ. ಬಿಳಿ ಎಳೆ ಹೊಸ ಬೇವಿನೆಲೆಯ ಜೊತೆ ಡಬ್ಬಕ್ಕೆ, ಮಾಸಿದ ದಾರ ಮತ್ತೆ ಅರಿಶಿನಕ್ಕೆ. ಕುಂಕುಮ ಇಟ್ಟ ಹಾರದಿಂದ ಮುತ್ತು, ಕಲ್ಲು, ಲೇಸ್ ಬಿಡಿಸಿಕೊಂಡು ಹತ್ತಿಯನ್ನು ಬಿಸಾಡುವುದೇ ಸರಿ, ಒಗೆದರೆ ಗುಲಾಬಿ ಬಣ್ಣ ನಿಲ್ಲುತ್ತದೆ. ಬಣ್ಣ ಬಳಿಯದ ಮೊರ ಉಳಿದಿದ್ದರೆ ಸಂಕ್ರಾಂತಿಯ ಎಳ್ಳು ಹಸನು ಮಾಡುವವರು ಒಯ್ಯುತ್ತಾರೆ.